ಫಸ್ಟ್ ಬೇಸ್ ತೀರ್ಪು: ಅಂಪೈರ್‌ಗಳ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಇಬ್ಬರೇ ಅಂಪೈರ್ ಇರುವ ಸಾಫ್ಟ್‌ಬಾಲ್ ಪಂದ್ಯದಲ್ಲಿ ಫಸ್ಟ್ ಬೇಸ್ ತೀರ್ಪು, ಅಂದರೆ ಓಡುವವರು ಅಲ್ಲಿ ಔಟಾ ಸೇಫಾ ಅನ್ನುವುದು, ಬೇಸ್‌ಗಳ ಕಡೆ ನಿಲ್ಲುವ ಬೇಸ್ ಅಂಪೈರ್ ಅವರದೇ. ಕಣ್ಣು ಬೇಸ್ ಮೇಲಿರಲಿ, ಕಿವಿ ಚೆಂಡು ಗ್ಲೌಸ್‌ಗೆ ಬೀಳುವ ಸದ್ದಿನ ಕಡೆಗಿರಲಿ. ಚೆಂಡು ಕೈಯಲ್ಲಿ ನಿಂತಿದೆಯಾ ನೋಡಿಕೊಂಡೇ ಔಟ್ ಕೊಡಿ. ಅವಸರ ಬೇಡ.

ಫೀಲ್ಡರ್ ಕಾಲು ಬೇಸ್ ಬಿಟ್ಟಿತಾ, ಓಡುವವರಿಗೆ ಟ್ಯಾಗ್ (ಚೆಂಡು ಹಿಡಿದ ಕೈ ಅಥವಾ ಗ್ಲೌಸ್‌ನಿಂದ ಮುಟ್ಟುವುದು) ತಾಗಿತಾ? ಕೆಲವೊಮ್ಮೆ ಇದು ಮರೆಯಾಗುತ್ತದೆ. ಆಗ ಬ್ಯಾಟರ್ ಹಿಂದೆ ನಿಲ್ಲುವ ಪ್ಲೇಟ್ ಅಂಪೈರ್ ಅವರನ್ನು ಕೇಳಿ, ಅದರಲ್ಲಿ ಸಂಕೋಚವೇನಿಲ್ಲ. ಬೇರೆ ರನ್ನರ್ ಇಲ್ಲದಿದ್ದರೆ ಅವರು ಫಸ್ಟ್ ಬೇಸ್ ಗೆರೆಯ ಪಕ್ಕ ಮುಂದೆ ಬಂದಿರುತ್ತಾರೆ, ಆ ಕೋನದಿಂದ ಕಾಲು ಚೆನ್ನಾಗಿ ಕಾಣುತ್ತದೆ. ಆದರೆ ಕೇಳದೆ ಯಾರೂ ಸಹೋದ್ಯೋಗಿಯ ತೀರ್ಪು ಬದಲಿಸಬಾರದು. ಮಾತುಕತೆ ಇಬ್ಬರ ನಡುವೆಯೇ ಇರಲಿ, ಆಟಗಾರರಿಂದ ದೂರ.

ಯಾವ ಸನ್ನೆಗೆ ಏನರ್ಥ ಅಂತ ಪಂದ್ಯಕ್ಕೆ ಮುಂಚೆಯೇ ಮಾತಾಡಿಕೊಳ್ಳಿ, ದಯವಿಟ್ಟು.