ಶಾಲಾ ಅನುದಾನಕ್ಕೆ ತಲೆ ಎಣಿಕೆಯೊಂದೇ ಸಾಲದು

ಮಾನ್ಯರೇ,

ಸರ್ಕಾರಿ ಶಾಲೆಗಳ ವಾರ್ಷಿಕ ಅನುದಾನ ಹಂಚಿಕೆ ಸರಿಯಾಗಲೆಂದು ನಮ್ಮ ಭಾಗದ ಮುಖ್ಯ ಶಿಕ್ಷಕರು ಕೇಳುತ್ತಿರುವುದರಲ್ಲಿ ತಪ್ಪಿಲ್ಲ. ಈ ಹಣ ಕೊಡುವ ಕೇಂದ್ರ ಪ್ರಾಯೋಜಿತ ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ 30ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ ಇದ್ದರೆ 25,000. ಅದರಲ್ಲೂ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೇ ಮೀಸಲು. ಸೋರುವ ಮಾಳಿಗೆ ಹಾಜರಿ ಪುಸ್ತಕ ನೋಡಿ ಸೋರುವುದಿಲ್ಲವಲ್ಲ! ಚಳ್ಳಕೆರೆ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ 22 ಮಕ್ಕಳಿದ್ದು, ಸೀಮೆಸುಣ್ಣ, ರಿಜಿಸ್ಟರು, ನಲ್ಲಿ ರಿಪೇರಿ ಎಂದು ದಸರಾ ರಜೆಯೊಳಗೇ ಹಣ ತೀರಿ, ಮುಖ್ಯ ಶಿಕ್ಷಕಿ ಸ್ವಂತ ದುಡ್ಡಿನಲ್ಲಿ ಬೀಗ ಕೊಂಡದ್ದನ್ನು ಕಂಡಿದ್ದೇನೆ (ರಸೀದಿ ಇನ್ನೂ ಅವರ ಮೇಜಿನ ಖಾನೆಯಲ್ಲಿದೆ). ಕೊಠಡಿಗಳ ಸಂಖ್ಯೆ, ಕಟ್ಟಡದ ಸ್ಥಿತಿಯನ್ನೂ ಪರಿಗಣಿಸಿ ಕನಿಷ್ಠ ಮೊತ್ತವನ್ನು ಹೆಚ್ಚಿಸಿ, ಜೂನ್‌ನಲ್ಲಿಯೇ ಬಿಡುಗಡೆ ಮಾಡಬೇಕೆಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ.

– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಚಿತ್ರದುರ್ಗ ಜಿಲ್ಲೆ