ಕಾರಿನ ಹೆಡರ್‌ಗೆ ಹೀಟ್ ರ್‍ಯಾಪ್ ಸುತ್ತುವ ಕೆಲಸ ನಿಲ್ಲಿಸುತ್ತಿರುವ ಬಗ್ಗೆ

ಮಾನ್ಯ ಗ್ರಾಹಕರೇ,

ನಿತ್ಯ ಓಡಾಟದ ಕಾರುಗಳಲ್ಲಿ ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಪೈಪುಗಳ ಜೋಡಣೆಯಾದ ಎಕ್ಸಾಸ್ಟ್ ಹೆಡರ್‌ಗೆ ಹೀಟ್ ರ್‍ಯಾಪ್ ಎಂಬ ಬಿಸಿ ತಡೆಯುವ ಪಟ್ಟಿ ಸುತ್ತಿಕೊಡುವ ಕೆಲಸವನ್ನು ಬರುವ ತಿಂಗಳ ಒಂದನೇ ತಾರೀಕಿನಿಂದ ಮಂಗಳೂರಿನ ನಮ್ಮ ಗ್ಯಾರೇಜಿನಲ್ಲಿ ನಿಲ್ಲಿಸುತ್ತಿದ್ದೇವೆ. ಇಷ್ಟು ವರ್ಷ ಈ ಕೆಲಸವನ್ನು ನಾವೇ ಹುರುಪಿನಿಂದ ಮಾಡಿಕೊಟ್ಟಿರುವುದರಿಂದ, ಈಗ ಏಕೆ ಬೇಡವೆನ್ನುತ್ತಿದ್ದೇವೆ ಎಂಬುದನ್ನು ತಿಳಿಸುವ ಹೊಣೆಯೂ ನಮ್ಮ ಮೇಲಿದೆ.

ಕಳೆದ ಮಳೆಗಾಲ ಮುಗಿದ ಮೇಲೆ ಸುರತ್ಕಲ್ ಕಡೆಯ ಗ್ರಾಹಕರೊಬ್ಬರು ಎಂಜಿನ್ನಿನಲ್ಲಿ ಟಿಕ್‌ಟಿಕ್ ಸದ್ದು ಬರುತ್ತಿದೆ, ಟ್ಯಾಪೆಟ್ (ಎಂಜಿನ್ನಿನ ವಾಲ್ವುಗಳನ್ನು ಒತ್ತುವ ಭಾಗ) ಇರಬಹುದು ಎಂದು ಕಾರು ತಂದರು. ಸದ್ದು ಬರುತ್ತಿದ್ದುದು ಟ್ಯಾಪೆಟ್ಟಿನಿಂದಲ್ಲ, ಹೆಡರ್ ಕಡೆಯಿಂದ. ಎರಡು ವರ್ಷಗಳ ಹಿಂದೆ ನಾವೇ ಸುತ್ತಿದ್ದ ಪಟ್ಟಿಯ ಕ್ಲಿಪ್ಪುಗಳನ್ನು ಕತ್ತರಿಸಿ ಬಿಚ್ಚಿದಾಗ, ಪಟ್ಟಿಯ ಒಳಮೈಗೆ ತುಕ್ಕು ಹಕ್ಕಳೆ ಹಕ್ಕಳೆಯಾಗಿ ಅಂಟಿಕೊಂಡು ಬಂತು. ನೆಲಕ್ಕೆ ಹಾಸಿದ್ದ ಹಳೆಯ ಪತ್ರಿಕೆಯ ಮೇಲೆ ಉದುರಿದ ಪುಡಿಯೇ ಒಂದು ಬೊಗಸೆಯಷ್ಟಿತ್ತು. ನಾಲ್ಕು ಪೈಪುಗಳು ಒಂದಾಗುವಲ್ಲಿ, ವೆಲ್ಡಿಂಗಿನ ಪಕ್ಕದಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿದರೆ ಅದು ಹೆಚ್ಚು ಬಲವಿಲ್ಲದೆ ಒಳಗೇ ಹೋಯಿತು. ಪಟ್ಟಿ ಮುಗಿದ ನಂತರದ ಪೈಪು ಮಾತ್ರ ಮೇಲೆ ಕಂದುಬಣ್ಣಕ್ಕೆ ತಿರುಗಿತ್ತೇ ಹೊರತು ಗಟ್ಟಿಯಾಗಿಯೇ ಇತ್ತು. ಆ ಹೆಡರ್ ಬದಲಿಸಿಕೊಟ್ಟ ಮೇಲೆ, ನಾವು ಸುತ್ತಿದ್ದ ಇನ್ನಷ್ಟು ಕಾರುಗಳು ಸರ್ವಿಸಿಗೆ ಬಂದಂತೆಲ್ಲ ಪಟ್ಟಿ ಬಿಚ್ಚಿ ನೋಡಿದೆವು. ಮೈಲ್ಡ್ ಸ್ಟೀಲ್ (ಸಾಧಾರಣ ಉಕ್ಕು) ಹೆಡರ್‌ಗಳಲ್ಲಿ ಹೆಚ್ಚುಕಡಿಮೆ ಇದೇ ಕಥೆ.

ಹೀಟ್ ರ್‍ಯಾಪ್ ಮೋಸದ ವಸ್ತುವೇನಲ್ಲ. ಗಾಜಿನ ನಾರಿನಿಂದಲೋ ಬಸಾಲ್ಟ್ ಕಲ್ಲನ್ನು ಕರಗಿಸಿ ತೆಗೆದ ನಾರಿನಿಂದಲೋ ನೇಯ್ದ ಈ ಪಟ್ಟಿ ಪೈಪಿನ ಬಿಸಿಯನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಒಳಗಿನ ಹೊಗೆ ಬಿಸಿಯಾಗಿಯೇ ಉಳಿದು ಬೇಗ ಹೊರಹೋಗುತ್ತದೆ, ಬಾನೆಟ್ಟಿನ ಕೆಳಗಿನ ಕಾವು ಇಳಿಯುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿ ಸುಮಾರು 3 ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಅದರ ಸಾಂದ್ರತೆ ಶೇಕಡಾ 1ರಷ್ಟು ಹೆಚ್ಚುತ್ತದೆ ಎಂಬ ಲೆಕ್ಕವೂ ಸರಿಯೇ. ಆದರೆ ಈಗಿನ ಬಹುತೇಕ ಕಾರುಗಳು ಗಾಳಿಯನ್ನು ಹೆಡ್‌ಲೈಟಿನ ಹಿಂದಿನಿಂದ ಅಥವಾ ಗ್ರಿಲ್ಲಿನ ಬಳಿಯಿಂದ, ಅಂದರೆ ಹೊರಗಿನಿಂದಲೇ ಎಳೆದುಕೊಳ್ಳುವುದರಿಂದ, ಬಾನೆಟ್ಟಿನೊಳಗಿನ ಕಾವು ಇಳಿದ ಮಾತ್ರಕ್ಕೆ ಆ ಲಾಭ ಪೂರ್ತಿಯಾಗಿ ಎಂಜಿನ್ನಿಗೆ ಸಿಗುವುದಿಲ್ಲ. ಪಂಪ್‌ವೆಲ್ಲಿನಿಂದ ಹಂಪನಕಟ್ಟೆಗೆ ಎರಡನೇ ಗೇರಿನಲ್ಲಿ ತೆವಳುವ ಕಾರಿಗಂತೂ ಹೊಗೆ ಬೇಗ ಹೊರಹೋಗುವುದರಿಂದ ಆಗುವ ಪ್ರಯೋಜನವೂ ಅಷ್ಟಕ್ಕಷ್ಟೆ. ಪಟ್ಟಿ ಸುತ್ತಿದ ಮೇಲೆ ಪಿಕಪ್ ಹೆಚ್ಚಾಗಿದೆ ಎಂದವರ ಕಾರುಗಳಿಗೆ ನಾವು ಅದೇ ದಿನ ಏರ್ ಫಿಲ್ಟರನ್ನೂ ಸ್ಪಾರ್ಕ್ ಪ್ಲಗ್ಗುಗಳನ್ನೂ ಬದಲಿಸಿದ್ದೆವು ಎಂಬುದನ್ನು ಸಂಕೋಚದಿಂದಲೇ ಹೇಳಬೇಕಾಗಿದೆ.

ನಷ್ಟದ ಕಡೆ ಮಾತ್ರ ಅಷ್ಟು ಹಗುರವಾದುದಲ್ಲ. ಹೊರಗೆ ಹೋಗಬೇಕಾದ ಬಿಸಿಯನ್ನು ತಡೆದಾಗ ಆ ಬಿಸಿಯನ್ನು ಪೈಪಿನ ಲೋಹವೇ ಹೊರಬೇಕಾಗುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಭಾರ ಬಿದ್ದಾಗ ಹೆಡರ್‌ನೊಳಗಿನ ಹೊಗೆ 800 ಡಿಗ್ರಿಯ ಆಸುಪಾಸಿಗೆ ಹೋಗುವುದು ಸಾಮಾನ್ಯ; ಬಯಲಿಗಿದ್ದ ಪೈಪು ಗಾಳಿಗೆ ಬಿಸಿ ಬಿಟ್ಟುಕೊಟ್ಟು ಅದಕ್ಕಿಂತ ಎಷ್ಟೋ ಕಡಿಮೆ ಶಾಖದಲ್ಲಿರುತ್ತದೆ, ಸುತ್ತಿದ ಪೈಪು ಹೊಗೆಯ ಶಾಖಕ್ಕೇ ಹತ್ತಿರವಾಗುತ್ತದೆ. ಸುಮಾರು 550 ಡಿಗ್ರಿ ದಾಟಿದ ಮೇಲೆ ಮೈಲ್ಡ್ ಸ್ಟೀಲ್ ವೇಗವಾಗಿ ಪದರು ಕಳಚತೊಡಗುತ್ತದೆ. ಕಾರು ನಿಂತ ಮೇಲೆ ಇನ್ನೊಂದು ತೊಂದರೆ ಆರಂಭವಾಗುತ್ತದೆ: ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಕಡಲಿನ ಉಪ್ಪುಗಾಳಿ ಬೀಸುವ ನಮ್ಮ ಊರಿನಲ್ಲಿ, ರಸ್ತೆಯಿಂದ ಸಿಡಿದ ನೀರನ್ನು ಈ ಪಟ್ಟಿ ಬತ್ತಿಯಂತೆ ಹೀರಿಕೊಂಡು ಪೈಪಿಗೆ ಒತ್ತಿ ಹಿಡಿಯುತ್ತದೆ. ದಿನಕ್ಕೆ ನಾಲ್ಕು ಕಿಲೋಮೀಟರ್ ಓಡುವ ಕಾರಿನಲ್ಲಿ ಅದು ಪೂರ್ತಿ ಒಣಗುವುದೂ ಇಲ್ಲ. ಸ್ಟೇನ್‌ಲೆಸ್ ಆದರೆ ಚಿಂತೆಯಿಲ್ಲ ಎನ್ನುವವರಿದ್ದಾರೆ. ಆದರೆ 304 ದರ್ಜೆಯ ಸ್ಟೀಲ್ 425ರಿಂದ 850 ಡಿಗ್ರಿಯ ನಡುವೆ ಬಹಳ ಹೊತ್ತು ಇದ್ದರೆ ಅದರ ಕ್ರೋಮಿಯಂ ಇಂಗಾಲದೊಡನೆ ಸೇರಿಕೊಂಡು, ತುಕ್ಕು ತಡೆಯುವ ಗುಣವೇ ಅಲ್ಲಲ್ಲಿ ಕುಂದುತ್ತದೆ. ಅಂಥ ಹೆಡರ್ ಮೊದಲು ಸೀಳುವುದು ವೆಲ್ಡಿಂಗಿನ ಅಂಚಿನಲ್ಲಿ. ಪಟ್ಟಿ ಸುತ್ತಿದರೆ ವಾರಂಟಿ ಇಲ್ಲ ಎಂದು ಹೆಡರ್ ತಯಾರಿಸುವ ಹಲವರು ಬರೆದೇ ಕೊಡುವುದಕ್ಕೆ ಕಾರಣವಿದೆ.

ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಹಳತಾಗಿ ಎಣ್ಣೆ ಜಿನುಗುವ ಕಾರುಗಳಲ್ಲಿ ಬೆಂಕಿಯ ಭಯವೂ ಇದೆ. ಬರಿಯ ಪೈಪಿನ ಮೇಲೆ ಬಿದ್ದ ಎಣ್ಣೆ ಸಾಮಾನ್ಯವಾಗಿ ಹೊಗೆಯಾಗಿ ಹೋಗುತ್ತದೆ. ಪಟ್ಟಿಯಲ್ಲಾದರೆ ಹೀರಿಕೊಂಡು ಕೂತಿರುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ಹೊಗೆ ನಿಯಮದ ಕಾರುಗಳಲ್ಲಿ, ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸಾಮಾನ್ಯವಾಗಿ ಎಂಜಿನ್ನಿಗೆ ತಾಗಿಕೊಂಡೇ ಇರುವುದರಿಂದ, ಅದನ್ನು ಸುತ್ತಿ ಇನ್ನಷ್ಟು ಬಿಸಿ ಮಾಡುವ ಪ್ರಶ್ನೆಯೇ ಬರುವುದಿಲ್ಲ. ಕೆಲವು ಎಂಜಿನ್ನುಗಳಲ್ಲಿ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನೊಳಗೇ ಸೇರಿಹೋಗಿದ್ದು, ಸುತ್ತುವುದಕ್ಕೆ ಪೈಪೇ ಇಲ್ಲ. (ಬುಲೆಟ್ಟಿನ ಬೆಂಡ್ ಪೈಪಿಗೆ ಅಂದಕ್ಕೆಂದು ಸುತ್ತಿಸಿಕೊಳ್ಳುವ ತರುಣರು ಒಳಗಿನ ಕ್ರೋಮ್ ಏನಾಗುತ್ತಿದೆ ಎಂದು ಒಮ್ಮೆ ಬಿಚ್ಚಿ ನೋಡಬೇಕೆಂದು ಕೋರುತ್ತೇವೆ.)

ರ್‍ಯಾಲಿ ಮತ್ತು ಟ್ರ್ಯಾಕ್ ಕಾರುಗಳಿಗೆ ಈ ಕೆಲಸ ಮುಂದುವರಿಯುತ್ತದೆ. ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ಒಂದೇ ಸಮನೆ ಭಾರ ಎಳೆಯುವ, ಒಂದೊಂದು ಸ್ಪರ್ಧೆಯ ನಂತರವೂ ಬಿಚ್ಚಿ ನೋಡುವ, ಹೆಡರನ್ನು ಬ್ರೇಕ್ ಪ್ಯಾಡಿನಂತೆ ಸವೆಯುವ ಭಾಗವೆಂದೇ ಎಣಿಸುವ ಕಾರಿಗೆ ಪಟ್ಟಿಯಿಂದ ಆಗುವ ಲಾಭ ನಿಜವಾದದ್ದು. ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಇದ್ದರಂತೂ ಬಿಸಿ ಹೊಗೆಯೇ ಅದರ ಬಂಡವಾಳ.

ನಿತ್ಯದ ಕಾರಿನಲ್ಲಿ ಕ್ಲಚ್ ಕೇಬಲ್ಲಿಗೋ ವೈರಿಂಗಿಗೋ ನಿಜವಾಗಿ ಬಿಸಿ ತಗಲುತ್ತಿದ್ದರೆ, ಪೈಪಿಗೂ ಅದಕ್ಕೂ ನಡುವೆ ತೆಳು ತಗಡಿನ ಹೀಟ್ ಶೀಲ್ಡ್ ಕೂರಿಸಿಕೊಡುತ್ತೇವೆ. ಪೈಪಿಗೂ ತಗಡಿಗೂ ನಡುವೆ ಬೆರಳಷ್ಟು ಗಾಳಿ ಆಡುವುದರಿಂದ ನೀರು ನಿಲ್ಲುವುದಿಲ್ಲ, ಖರ್ಚೂ ಕಡಿಮೆ. ಹೊಸ ಹೆಡರ್ ಹಾಕಿಸುವವರು ಸೆರಾಮಿಕ್ ಕೋಟಿಂಗ್ ಮಾಡಿಸಬಹುದು. ಒಳಗೂ ಹೊರಗೂ ಲೇಪಿಸಿ ಒಲೆಯಲ್ಲಿ ಬೇಯಿಸಬೇಕಾದ ಆ ಕೆಲಸಕ್ಕೆ ನಮ್ಮಲ್ಲಿ ಸೌಕರ್ಯವಿಲ್ಲದ ಕಾರಣ ಹೊರಗೆ ಕಳುಹಿಸುತ್ತೇವೆ. ಅದು ಪಟ್ಟಿಯಷ್ಟು ಬಿಸಿ ತಡೆಯದು, ಆದರೆ ನೀರು ಹಿಡಿಯುವುದಿಲ್ಲ. ಈಗಾಗಲೇ ತುಕ್ಕು ತಿಂದ ಹೆಡರ್‌ಗೆ ಅದನ್ನು ಮಾಡಿಸುವುದು ಹಣ ಹಾಳು.

ನಮ್ಮಲ್ಲಿ ಪಟ್ಟಿ ಸುತ್ತಿಸಿಕೊಂಡಿರುವ ಎಲ್ಲರೂ ಜೂನ್ ತಿಂಗಳಿಗೆ ಮೊದಲು ಕಾರು ತಂದು ತೋರಿಸಬೇಕೆಂದು ವಿನಂತಿ. ಬಿಚ್ಚಿ ಪರೀಕ್ಷಿಸುವುದಕ್ಕೆ ಯಾವುದೇ ಶುಲ್ಕವಿಲ್ಲ. ಪೈಪು ತೂತಾಗಿದ್ದರೆ ದುರಸ್ತಿಯ ಕೂಲಿಯನ್ನೂ ನಾವು ತೆಗೆದುಕೊಳ್ಳುವುದಿಲ್ಲ, ಬಿಡಿಭಾಗದ ಬೆಲೆ ಮಾತ್ರ ನಿಮ್ಮದು. ಹಳೆಯ ಪಟ್ಟಿಯ ನಾರು ಪುಡಿಯಾಗಿ ಮೈಗೆ ತುರಿಕೆ ತರುವುದರಿಂದ, ದಯವಿಟ್ಟು ಮನೆಯಲ್ಲಿ ನೀವೇ ಬಿಚ್ಚಲು ಹೋಗಬೇಡಿ. ಎಂಜಿನ್ ತಣ್ಣಗಾಗಿರಬೇಕಾದ ಕಾರಣ ಹಿಂದಿನ ಸಂಜೆಯೇ ಕಾರು ಬಿಟ್ಟುಹೋದರೆ ಮರುದಿನ ಮಧ್ಯಾಹ್ನದೊಳಗೆ ಒಪ್ಪಿಸುತ್ತೇವೆ.

ವಂದನೆಗಳೊಂದಿಗೆ,
ಗ್ಯಾರೇಜಿನ ಪಾಲುದಾರರು ಮತ್ತು ಮೆಕ್ಯಾನಿಕ್ ಬಳಗ