ಪ್ರೇಮಪತ್ರ ಮತ್ತು ವೀಸಾ ಕಡತ

ಫೆಬ್ರವರಿ ಸಂಚಿಕೆ ಅಂದರೆ ಪ್ರೇಮದ ಬಗ್ಗೆ ಬರೆಯಲೇಬೇಕು ಎಂಬುದು ನಮ್ಮ ಸಮಿತಿಯ ಹಟ. ಗುಲಾಬಿ, ಚಾಕೊಲೇಟು ನನಗೆ ಒಗ್ಗುವುದಿಲ್ಲ. ಹಾಗಾಗಿ ಗೆರ್ಡಾ ವೈಸ್‌ಮನ್ ಮತ್ತು ಕುರ್ಟ್ ಕ್ಲೈನ್ ಅವರ ವಿಷಯ ಬರೆಯುತ್ತೇನೆ.

ಗೆರ್ಡಾ ಪೋಲೆಂಡಿನ ಬೀಲ್ಸ್ಕೊ ಊರಿನ ಯಹೂದಿ ಹುಡುಗಿ. 1942ರ ಜೂನ್‌ನಲ್ಲಿ ನಾಜಿಗಳು ಕುಟುಂಬವನ್ನು ಒಡೆದರು. ಹೊರಡುವ ಮುಂಚೆ ಅಪ್ಪ ಒಂದೇ ಮಾತು ಹಿಡಿದರು: ಸ್ಕೀಯಿಂಗ್ ಬೂಟು ಹಾಕಿಕೋ. ಸುಡುಬಿಸಿಲಿನಲ್ಲಿ ಹಿಮದ ಬೂಟು ಯಾಕೆ ಎಂದು ಮಗಳಿಗೆ ಅನ್ನಿಸಿತು. ಎರಡೂವರೆ ವರ್ಷ ಗುಲಾಮಳಂತೆ ದುಡಿದ ಮೇಲೆ, 1945ರ ಚಳಿಗಾಲದಲ್ಲಿ ಹಿಮದಲ್ಲಿ ನೂರಾರು ಮೈಲಿ ನಡೆಸಿದರು. ಜೊತೆಗಿದ್ದವರಲ್ಲಿ ಬಹಳಷ್ಟು ಮಂದಿ ದಾರಿಯಲ್ಲೇ ಸತ್ತರು. ಆಕೆಯ ಕಾಲು ಉಳಿಸಿದ್ದು ಅದೇ ಬೂಟು. ಅಪ್ಪ ಅಮ್ಮ, ಅಣ್ಣ ಯಾರೂ ವಾಪಸು ಬರಲಿಲ್ಲ.

ಕೊನೆಗೆ ಚೆಕೊಸ್ಲೊವಾಕಿಯಾದ ವೊಲರಿಯಲ್ಲಿ ಉಳಿದವರನ್ನು ಒಂದು ಪಾಳು ಕಾರ್ಖಾನೆಯಲ್ಲಿ ಕೂಡಿಹಾಕಿ, ಬಾಂಬ್ ಇಟ್ಟು ಕಾವಲುಗಾರರು ಪರಾರಿಯಾದರು. ಬಾಂಬ್ ಸಿಡಿಯಲಿಲ್ಲ. ಮೇ 7ರಂದು ಅಮೆರಿಕದ ಜೀಪು ಬಂತು. ಇಳಿದವರು ಲೆಫ್ಟಿನೆಂಟ್ ಕುರ್ಟ್ ಕ್ಲೈನ್. ಮರುದಿನ ಗೆರ್ಡಾಗೆ 21 ತುಂಬುವುದಿತ್ತು. ತೂಕ ಸುಮಾರು 31 ಕಿಲೋ, ಕೂದಲು ಬೆಳ್ಳಗಾಗಿತ್ತು. 'ನಾವು ಯಹೂದಿಗಳು, ಗೊತ್ತಲ್ವಾ' ಎಂದು ಹೆದರುತ್ತಲೇ ಹೇಳಿದರು. 'ನಾನೂ ಯಹೂದಿಯೇ' ಎಂದರು ಕುರ್ಟ್. ಆಮೇಲೆ ಬಾಗಿಲು ತೆರೆದು ಹಿಡಿದು, ಆಕೆಯನ್ನು ಮೊದಲು ಒಳಗೆ ಬಿಟ್ಟರು. ಮತ್ತೆ ಮನುಷ್ಯಳಾದೆ ಅನ್ನಿಸಿದ್ದು ಆ ಗಳಿಗೆಯಲ್ಲಿ ಎಂದು ಗೆರ್ಡಾ ಜೀವನಪೂರ್ತಿ ಹೇಳುತ್ತಿದ್ದರು.

ಈ ಕಥೆ ಹೇಳುವವರು ಜಾಸ್ತಿ ಇಲ್ಲಿಗೇ ನಿಲ್ಲಿಸುತ್ತಾರೆ. ಸೈನಿಕ ಬಂದ, ಹುಡುಗಿ ಬದುಕಿದಳು, ಮದುವೆಯಾಯಿತು. ನನ್ನನ್ನು ಹಿಡಿದದ್ದು ಕುರ್ಟ್ ಅವರ ಪಾಲಿನ ಕಥೆ. ಅವರು ಮೂಲತಃ ಜರ್ಮನಿಯ ವಾಲ್ಡಾರ್ಫ್‌ನವರು. 1937ರಲ್ಲಿ, ಇನ್ನೂ ಹದಿಹರೆಯದಲ್ಲಿ, ಅಮೆರಿಕಕ್ಕೆ ಬಂದವರು. ಅಪ್ಪ ಅಮ್ಮನನ್ನೂ ಕರೆಸಿಕೊಳ್ಳಲು ಅವರೂ ಒಡಹುಟ್ಟಿದವರೂ ವರ್ಷಗಟ್ಟಲೆ ಅರ್ಜಿ ಹಾಕಿದರು. ಪ್ರಾಯೋಜಕರ ಪತ್ರ, ಹಣದ ಖಾತರಿ, ಮತ್ತೊಂದು ಪತ್ರ. ಅಷ್ಟರಲ್ಲಿ ಹೆತ್ತವರನ್ನು ಫ್ರಾನ್ಸಿನ ಗೂರ್ಸ್ ಶಿಬಿರಕ್ಕೆ, 1942ರಲ್ಲಿ ನಾಜಿಗಳ ಹತ್ಯಾ ಶಿಬಿರವಾದ ಆಶ್ವಿಟ್ಜ್‌ಗೆ ಸಾಗಿಸಲಾಯಿತು. ವೀಸಾಕ್ಕೆ ಒಪ್ಪಿಗೆ ಬಂದದ್ದು ಅದಾದ ಮೇಲೆ. ಕಡತ ಸರಿಯಾಗಿತ್ತು, ಜನ ಇರಲಿಲ್ಲ. ದೂತಾವಾಸದ ಸಾಲಿನಲ್ಲಿ ನಿಂತು ಬೈದುಕೊಂಡ ನಮ್ಮ ಅನುಭವವನ್ನು ಇದರ ಪಕ್ಕದಲ್ಲಿ ಇಡಲು ನನಗೆ ನಾಚಿಕೆ.

ವೊಲರಿಯ ಆಸ್ಪತ್ರೆಗೆ ಕುರ್ಟ್ ಮತ್ತೆ ಮತ್ತೆ ಬಂದರು. ಇಬ್ಬರೂ ಮಾತಾಡುತ್ತಿದ್ದದ್ದು ಜರ್ಮನ್‌ನಲ್ಲೇ. ಸೆಪ್ಟೆಂಬರ್‌ನಲ್ಲಿ ಮದುವೆಯ ಮಾತಾಯಿತು, ಅದರ ಬೆನ್ನಿಗೇ ಸೇನೆ ಕುರ್ಟ್ ಅವರನ್ನು ಅಮೆರಿಕಕ್ಕೆ ವಾಪಸು ಕಳಿಸಿತು. ಹಿಂದೆ ಹೆತ್ತವರಿಗಾಗಿ ಕಾಗದ ಓಡಿಸಿದ ಅದೇ ಮನುಷ್ಯ ಈಗ ಹುಡುಗಿಗಾಗಿ ಓಡಿಸಬೇಕಾಯಿತು! ತಿಂಗಳುಗಟ್ಟಲೆ ಬರೀ ಪತ್ರಗಳು. 1946ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಮದುವೆ. ಆಮೇಲೆ ಅಮೆರಿಕದ ಬಫಲೋದಲ್ಲಿ ಮನೆ, ಮೂವರು ಮಕ್ಕಳು. ಕುರ್ಟ್ 2002ರಲ್ಲಿ ತೀರಿಕೊಂಡರು, ಗೆರ್ಡಾ 2022ರಲ್ಲಿ.

ಅವರ ಆ ಪತ್ರಗಳು ಪುಸ್ತಕವಾಗಿಯೂ ಬಂದಿವೆ. ಸುಮ್ನೆ ಓದಿ ನೋಡಿ. ಹಾಗೇ, ನಿಮ್ಮಲ್ಲಿ ಯಾರ ಬಳಿಯಾದರೂ ವೀಸಾ ಕಾಯುವ ಕಾಲದ ಹಳೆಯ ನೀಲಿ ಏರೋಗ್ರಾಮ್‌ಗಳು ಉಳಿದಿದ್ದರೆ, ಸಂಗಾತಿಯ ಒಪ್ಪಿಗೆ ಪಡೆದು ಯುಗಾದಿ ಸಂಚಿಕೆಗೆ ಕಳಿಸಿ. ಹೆಸರು ಹಾಕುವುದಿಲ್ಲ.